ಕುದುರೆಯಿಲ್ಲದ ಜೀನು

ಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ಸೋಫಾ ಇರಲಿಲ್ಲ, ಜೀನು ಇತ್ತು. ಕುದುರೆಯ ಬೆನ್ನಿಗೆ ಬಿಗಿಯುವ ನಿಜವಾದ ಚರ್ಮದ ಜೀನು. ಕಿಟಕಿಯ ಪಕ್ಕ, ನನ್ನ ತಲೆಗಿಂತ ಎತ್ತರದ ಮರದ ಸ್ಟ್ಯಾಂಡಿನ ಮೇಲೆ, ಸವಾರ ಕಾಲಿಡುವ ಕಬ್ಬಿಣದ ರಿಕಾಪುಗಳನ್ನು ಎರಡೂ ಕಡೆ ಇಳಿಬಿಟ್ಟುಕೊಂಡು ಅದು ಕೂತಿರುತ್ತಿತ್ತು. ಇಷ್ಟು ಬರೆಯುವಷ್ಟರಲ್ಲೇ ನನಗೆ ಅನುಮಾನ ಬಂತು. ಸೋಫಾ ಇಲ್ಲದ ಮನೆಯಲ್ಲಿ ಬಂದವರು ಎಲ್ಲಿ ಕೂರುತ್ತಿದ್ದರು? ಅಪ್ಪನ ತಂಗಿ ಗಿರಿಜತ್ತೆಗೆ ಫೋನ್ ಮಾಡಿದೆ. ಆ ಮನೆಯ ವಿಷಯದಲ್ಲಿ ಈಗ ಉಳಿದಿರುವ ಸಾಕ್ಷಿಗಳಲ್ಲಿ ಅವಳೇ ದೊಡ್ಡವಳು.

"ಸೋಫಾ ಇರ್ಲಿಲ್ಲ ಅಂತ ಯಾರೋ ಹೇಳಿದ್ದು? ಹಸಿರು ರೆಕ್ಸಿನ್‌ದು ಇತ್ತು. ಸ್ಪ್ರಿಂಗ್ ಚುಚ್ತಿತ್ತು, ಅದಕ್ಕೇ ಯಾರೂ ಕೂರ್ತಿರ್ಲಿಲ್ಲ. ನೀನು ಪುಸ್ತಕ ಬರೆಯೋಕೆ ಮುಂಚೆ ಒಂದ್ಸಲ ಕೇಳ್ಬಾರ್ದಾ?"

"ಅದಕ್ಕೇ ಕೇಳ್ತಿರೋದಲ್ವಾ ಅತ್ತೆ."

ಜೀನು ಈಗ ಜೆ.ಪಿ. ನಗರದಲ್ಲಿ ಅವಳ ಮನೆಯಲ್ಲೇ ಇದೆ. ಮರುದಿನ ಅಳತೆ ಟೇಪು ಹಿಡಿದುಕೊಂಡು ಮೆಟ್ರೋ ಹತ್ತಿದೆ. ಸ್ಟ್ಯಾಂಡು ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲಕ್ಕೆ ಬಂತು. ಎಂಟು ವರ್ಷದ ಹುಡುಗನಿಗೆ ಅದು ತಲೆಗಿಂತ ಎತ್ತರವಾಗಿದ್ದಿರಲು ಸಾಧ್ಯವೇ ಇಲ್ಲ, ಕತ್ತಿನವರೆಗೂ ಬರುವುದು ಕಷ್ಟ. ಹೀಗಾಗಿ ಈ ಅಧ್ಯಾಯದ ಮೊದಲ ಮೂರು ವಾಕ್ಯಗಳಲ್ಲೇ ಎರಡು ಸುಳ್ಳುಗಳಿವೆ. ಅಳಿಸಬಹುದಿತ್ತು, ಮನಸ್ಸಾಗಲಿಲ್ಲ. ಮುಂದಿನದನ್ನು ಓದುವವರು ಅಷ್ಟೇ ಎಚ್ಚರದಿಂದ ಓದಲಿ.

ತಾತ ಮೈಸೂರಿನಲ್ಲಿ ಪೊಲೀಸ್ ಕುದುರೆ ಪಡೆಯಲ್ಲಿ ಸವಾರರಾಗಿದ್ದು, ಕೊನೆಯ ವರ್ಷಗಳಲ್ಲಿ ಹೊಸಬರಿಗೆ ಸವಾರಿ ಕಲಿಸುತ್ತಿದ್ದವರು. ನಿವೃತ್ತರಾದಾಗ ಹಳೆಯ ಸಾಮಾನಿನ ಹರಾಜಿನಲ್ಲಿ ಈ ಜೀನನ್ನು ಕೊಂಡು, ಬೆಂಗಳೂರಿನ ಮಗನ ಮನೆಗೆ ಟ್ರಂಕು, ಹಾಸಿಗೆಗಳ ಜೊತೆ ತಂದರು. ಜೀನು ಮೊದಲು ಕುದುರೆಯ ಅಳತೆ, ಆಮೇಲೆ ಸವಾರನ ಅಳತೆ ಎಂದು ಅವರು ಯಾರು ಬಂದರೂ ಹೇಳುತ್ತಿದ್ದರು. ಒಂದು ಕುದುರೆಯ ಬೆನ್ನಿಗೆ ಒಗ್ಗಿದ ಜೀನನ್ನು ಇನ್ನೊಂದಕ್ಕೆ ಹಾಕಿದರೆ ಬೆನ್ನು ಉಜ್ಜಿ ಹುಣ್ಣಾಗುತ್ತದೆ, ತಪ್ಪು ಕುದುರೆಯದಲ್ಲ. ಹೀಗೆ ಹೇಳಿ ಕಿಟಕಿಯ ಕಡೆ ನೋಡುವರು. ಆ ಜೀನಿನ ಕುದುರೆ ಯಾವಾಗಲೋ ಹೋಗಿತ್ತು. ಆದರೆ ತಾತನಿಗೆ ಜೀನೆಂದರೆ ಕುದುರೆಯದೊಂದೇ ಅಲ್ಲ. ಅಪ್ಪನ ಸ್ಕೂಟರ್ ಸೀಟು ಜೀನು, ನನ್ನ ಸೈಕಲ್ ಸೀಟು ಜೀನು, ಅಪ್ಪನಿಗೆ ಆಫೀಸಿನಲ್ಲಿ ಬಡ್ತಿ ಸಿಕ್ಕಿದಾಗ "ದೊಡ್ಡ ಜೀನು ಹತ್ತಿದೀಯ, ಬೀಳಬೇಡ" ಎಂದರು. ನನ್ನನ್ನು ಹೊಸಕೆರೆಹಳ್ಳಿ ಕೆರೆಯ ಕಡೆ ಕರೆದುಕೊಂಡು ಹೋದಾಗ ಏರಿಯ ಮೇಲೆ ಎರಡು ದಿಬ್ಬಗಳ ನಡುವೆ ತಗ್ಗಿದ ಜಾಗವನ್ನು ತೋರಿಸಿ "ನೋಡು, ಭೂಮಿಗೂ ಜೀನು ಹಾಕಿದಾರೆ" ಎಂದಿದ್ದರು. ನಾನು ಆ ತಗ್ಗಿನಲ್ಲಿ ಕಾಲು ಅಗಲಿಸಿ ಕೂತು, ಇಡೀ ಕೆರೆಯನ್ನು ಓಡಿಸಿಕೊಂಡು ಮನೆಗೆ ಬಂದೆ.

ಮನೆಯ ಉಳಿದವರು ಜೀನನ್ನು ತಮತಮಗೆ ಬೇಕಾದ ಹಾಗೆ ಬಳಸುತ್ತಿದ್ದರು. ಅಮ್ಮ ಇಸ್ತ್ರಿ ಮಾಡಿದ ಅಂಗಿಗಳನ್ನು ಅದರ ಮೇಲೆ ಹಾಸುತ್ತಿದ್ದಳು. ಅಪ್ಪನಿಗೆ ಅದು ಪೇಪರ್ ಇಡುವ ಜಾಗ. ನನಗೆ ಕೂದಲು ಕತ್ತರಿಸಲು ಭಾನುವಾರ ಮನೆಗೆ ಬರುತ್ತಿದ್ದವನು ನನ್ನನ್ನು ಅದರ ಮೇಲೆ ಹತ್ತಿಸಿಯೇ ಕತ್ತರಿ ತೆಗೆಯುತ್ತಿದ್ದುದು. ಬೇರೆಲ್ಲೂ ನಾನು ಅಲ್ಲಾಡದೆ ಕೂರುತ್ತಿರಲಿಲ್ಲ. ಗಿರಿಜತ್ತೆ ತಲೆಗೆ ನೀರು ಹಾಕಿಕೊಂಡ ದಿನ ಬೆನ್ನನ್ನು ಅದಕ್ಕೆ ಆನಿಸಿ, ಕೂದಲನ್ನು ಆ ಕಡೆಗೆ ಚೆಲ್ಲಿ, ಬಿಸಿಲಲ್ಲಿ ಒಣಗಿಸಿಕೊಳ್ಳುತ್ತಿದ್ದಳು. ಆಯುಧಪೂಜೆಯ ದಿನ ಮಾತ್ರ ಎಲ್ಲರೂ ತಮ್ಮ ವಸ್ತು ತೆಗೆದುಕೊಂಡು ದೂರ ಸರಿಯಬೇಕು. ತಾತ ಅಂದು ಜೀನಿಗೆ ಚೆಂಡುಹೂವಿನ ಹಾರ ಹಾಕಿ, ಎರಡು ರಿಕಾಪುಗಳಿಗೂ ಕುಂಕುಮ ಇಟ್ಟು, ಅಪ್ಪನ ಸ್ಕೂಟರಿಗಿಂತ ಮೊದಲು ಅದಕ್ಕೆ ಆರತಿ ಎತ್ತುತ್ತಿದ್ದರು.

ಆ ಆರತಿಯ ತಟ್ಟೆಯನ್ನು ತಾತನೇ ಹಿಡಿಯಬೇಕಾಗಿತ್ತು, ಏಕೆಂದರೆ ಅಜ್ಜಿ ಜೀನಿನ ಹತ್ತಿರಕ್ಕೆ ಬರುತ್ತಿರಲಿಲ್ಲ. ಬೆಳಗ್ಗೆ ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ಲಿಂಗಪೂಜೆ ಮುಗಿಸಿ ಅಡುಗೆಮನೆಗೆ ಹೋಗುವ ಅಜ್ಜಿಗೆ ಸತ್ತ ಪ್ರಾಣಿಯ ಚರ್ಮ ಮನೆಯ ಒಳಗಿರುವುದೇ ದೊಡ್ಡ ಸಂಕಟ. ಹಾಲ್‌ನ ಕೆಂಪು ನೆಲದ ಸುತ್ತ ಒಂದು ಗೇಣಿನ ಕಪ್ಪು ಪಟ್ಟಿ ಇತ್ತು. ಕಿಟಕಿಯ ಹತ್ತಿರ ಆ ಪಟ್ಟಿಯಿಂದಾಚೆಗಿನ ಜಾಗ ಜೀನಿನದು, ಈಚೆಗಿನ ಹಾಲ್ ಪೂರ್ತಿ ಅಜ್ಜಿಯದು. ಇದು ಅವರಿಬ್ಬರ ನಡುವಿನ ಒಪ್ಪಂದ. ಅಜ್ಜಿ ಅಲ್ಲಿ ಕಸ ಗುಡಿಸುವಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತೋಳನ್ನು ಆದಷ್ಟೂ ಚಾಚಿ, ಪೊರಕೆಯ ತುದಿಯಿಂದ ಸ್ಟ್ಯಾಂಡಿನ ಕಾಲುಗಳನ್ನು ಮುಟ್ಟಿಯೂ ಮುಟ್ಟದ ಹಾಗೆ ಬಿಡುತ್ತಿದ್ದಳು. ಶನಿವಾರ ಬೆಳಗ್ಗೆ ತಾತ ಟ್ರಂಕಿನ ಬೀಗ ತೆಗೆದು, ಮೇಣದ ಡಬ್ಬಿಯನ್ನೂ ಹಳೆಯ ಪಂಚೆಯ ತುಂಡನ್ನೂ ಹೊರಗೆ ತೆಗೆದು, ಒಂದು ಗಂಟೆ ಕಾಲ ಜೀನನ್ನು ಉಜ್ಜುತ್ತಿದ್ದರು. ಆಗ ಜಗಳ ಖಂಡಿತ.

"ನನ್ನ ಬೆನ್ನು ನೋಯತ್ತೆ ಅಂದ್ರೆ ಒಂದಿನ ಎಣ್ಣೆ ಹಚ್ಚಿಲ್ಲ. ಅದಕ್ಕೆ ವಾರ ವಾರ ಸೇವೆ."

"ಅದು ಇಷ್ಟು ವರ್ಷದಲ್ಲಿ ಒಂದು ಮಾತು ಎದುರಾಡಿಲ್ಲ ಕಣೇ."

"ಅದರ ಕೈಲೇ ಊಟ ಬಡಿಸ್ಕೊಳ್ಳಿ ಇವತ್ತು."

ಈ ಜಗಳ ಕೇಳಿಯೇ ನನಗೆ ಶನಿವಾರ ಎಂದು ಗೊತ್ತಾಗುತ್ತಿತ್ತು. ಇಬ್ಬರಿಗೂ ಅದರಲ್ಲಿ ಬಹಳ ಸುಖವಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೇ ಎಂದು ಕೇಳಿದರೆ ಹೇಳಲಾರೆ.

ಜೀನಿಗೆ ಇನ್ನೂ ಒಂದು ಉಪಯೋಗವಿತ್ತು, ಅದು ಗಿರಿಜತ್ತೆಯ ಪಾಲಿಗೆ ಕಂಟಕವಾಗಿತ್ತು. ಸವಾರಿ ಕಲಿಯಲು ಬಂದ ನೂರಾರು ಹುಡುಗರನ್ನು ನೋಡಿದ್ದ ತಾತ, ಮನುಷ್ಯ ಜೀನಿನ ಮೇಲೆ ಕೂರುವ ರೀತಿಯಲ್ಲಿ ಅವನ ಗುಣವೆಲ್ಲ ಕಾಣುತ್ತದೆ ಎಂದು ನಂಬಿದ್ದರು. ಮಾತಿನಲ್ಲಿ ಸುಳ್ಳು ಹೇಳಬಹುದು, ಬೆನ್ನಿನಲ್ಲಿ ಹೇಳಲಾಗದು ಎನ್ನುತ್ತಿದ್ದರು. ಅತ್ತೆಯನ್ನು ನೋಡಲು ಬಂದ ಗಂಡುಗಳನ್ನೆಲ್ಲ ಕಾಫಿ ಆದ ಮೇಲೆ, "ಸುಮ್ಮನೆ ಒಂದ್ಸಲ ಹತ್ತಿ ನೋಡಪ್ಪ" ಎಂದು ಜೀನಿನ ಹತ್ತಿರ ಕರೆದೊಯ್ಯುತ್ತಿದ್ದರು. ಒಬ್ಬ ಅದರ ಮೇಲೆ ತನ್ನ ಬ್ರೀಫ್‌ಕೇಸ್ ಇಟ್ಟು ಪಕ್ಕದಲ್ಲಿ ನಿಂತ. ಅವನನ್ನು ಬಿಟ್ಟರು. ಇನ್ನೊಬ್ಬ ಮೋರಿಕಟ್ಟೆಯ ಮೇಲೆ ಕೂರುವ ಹಾಗೆ ಎರಡೂ ಕಾಲು ಒಂದೇ ಕಡೆ ಹಾಕಿ ಕೂತ. ಅವನನ್ನೂ ಬಿಟ್ಟರು. ಅತ್ತೆಗೆ ಅವರಿಬ್ಬರೂ ಹಿಡಿಸಿರಲಿಲ್ಲವಾದ್ದರಿಂದ ಆಗೆಲ್ಲ ನಕ್ಕು ಸುಮ್ಮನಾಗಿದ್ದಳು. ಮೂರನೆಯ ಸಲ ನಗುವ ಸ್ಥಿತಿಯಲ್ಲಿರಲಿಲ್ಲ. ಬರಬೇಕಾಗಿದ್ದವರು ಅವಳ ಆಫೀಸಿನಲ್ಲೇ ಕೆಲಸ ಮಾಡುತ್ತಿದ್ದ ಶೇಖರ್, ಬೇಗೂರಿನವರು. ಎರಡು ವರ್ಷದಿಂದ ಇಬ್ಬರೂ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಒಂದೇ ಡಬ್ಬಿಯಿಂದ ಊಟ ಮಾಡುತ್ತಿದ್ದರಂತೆ. ಅಪ್ಪ ಅಮ್ಮ ಒಪ್ಪಿದ್ದರು, ಅವರ ಮನೆಯಲ್ಲೂ ಒಪ್ಪಿದ್ದರು. ಅತ್ತೆಗೆ ಇಪ್ಪತ್ತೊಂಬತ್ತು ವರ್ಷ, ಇವರಲ್ಲದೆ ಬೇರೆ ಯಾರೂ ಬೇಡ ಎಂದುಬಿಟ್ಟಿದ್ದಳು. ಉಳಿದಿದ್ದದ್ದು ತಾತ ಮತ್ತು ಜೀನು.

ತಾತ ಮಧ್ಯಾಹ್ನ ಊಟವಾದ ಮೇಲೆ ಪೆನ್ಷನ್ ಗೆಳೆಯರ ಜೊತೆ ಪಾರ್ಕಿನಲ್ಲಿ ಕೂರಲು ಹೋಗುತ್ತಿದ್ದರು. ಭಾನುವಾರ ಗಂಡಿನ ಕಡೆಯವರು ಬರುವುದೆಂದು ಗೊತ್ತಾದ ವಾರದಲ್ಲಿ, ಗುರುವಾರದಿಂದ ಮೂರು ಮಧ್ಯಾಹ್ನ, ಅತ್ತೆ ಅರ್ಧ ದಿನ ರಜೆ ಹಾಕಿ ಶೇಖರ್ ಮಾವನನ್ನು ಮನೆಗೆ ಕರೆತಂದಳು. ತಾತ ದೂರದಲ್ಲಿ ಕಂಡರೆ ಸೈಕಲ್ ಬೆಲ್ ಬಾರಿಸಬೇಕೆಂದು ನನ್ನನ್ನು ಕಾಂಪೌಂಡಿನ ಮೇಲೆ ಕೂರಿಸಿದರು. ಇಲ್ಲಿ ನನ್ನ ನೆನಪಿನಲ್ಲಿ ಒಂದು ದೊಡ್ಡ ತೂತಿದೆ. ಕಾಂಪೌಂಡಿನ ಮೇಲೆ ರಸ್ತೆಗೆ ಮುಖ ಮಾಡಿ ಕೂತಿದ್ದವನಿಗೆ ಹಾಲ್‌ನಲ್ಲಿ ನಡೆದದ್ದೆಲ್ಲ ಇಷ್ಟು ಸ್ಪಷ್ಟವಾಗಿ ಹೇಗೆ ಕಾಣುತ್ತದೆ? ಮೊನ್ನೆ ಇದನ್ನು ಅತ್ತೆಯ ಮುಂದಿಟ್ಟೆ.

"ನೀನು ಎಲ್ಲಿ ಕಾಂಪೌಂಡ್ ಮೇಲಿದ್ದೆ? ಮೊದಲನೇ ದಿನವೇ ಕೊಬ್ಬರಿ ಮಿಠಾಯಿ ಬೇಕು ಅಂತ ಒಳಗೆ ಬಂದೋನು ಆಚೆಗೇ ಹೋಗ್ಲಿಲ್ಲ. ನಮ್ಮ ಪುಣ್ಯ, ನಿಮ್ಮ ತಾತ ಬೇಗ ಬರ್ಲಿಲ್ಲ."

ಹಾಗಾದರೆ ನಾನು ನೋಡಿದ್ದೆ. ಮೊದಲ ದಿನ ಶೇಖರ್ ಮಾವ ಜೀನಿನ ಸುತ್ತ ಎರಡು ಸುತ್ತು ಹಾಕಿ, ಯಾವ ಕಡೆಯಿಂದ ಹತ್ತುವುದೆಂದು ತಿಳಿಯದೆ ನಿಂತುಬಿಟ್ಟರು. ಅತ್ತೆಗೂ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಕುದುರೆಯ ಮಾತು ಕೇಳಿದವಳು, ಆದರೆ ಅವಳನ್ನು ಯಾರೂ ಹತ್ತಿಸಿರಲಿಲ್ಲ. ಒಂದು ಕಾಲು ರಿಕಾಪಿನೊಳಗಿಟ್ಟು ಅವರು ಎದ್ದೊಡನೆ ಸ್ಟ್ಯಾಂಡು ಅವರ ಕಡೆಗೇ ವಾಲಿತು. ಅತ್ತೆ ಆ ಕಡೆಯಿಂದ ಹಿಡಿದು ಜೋತುಬಿದ್ದಳು.

"ಆ ಕಾಲಲ್ಲ ಕಣ್ರೀ, ಇನ್ನೊಂದು!"

"ಗಿರಿಜಾ, ನಾನು ಬೇಗೂರಿಂದ ಬಸ್ಸಲ್ಲಿ ನಿಂತ್ಕೊಂಡೇ ಬರೋನು. ಕೂರೋದೇ ಅಭ್ಯಾಸ ಇಲ್ಲ."

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಕೈಯಲ್ಲಿ ಬೇಳೆ ಆರಿಸುವ ಮೊರ. ಶೇಖರ್ ಮಾವ ಅರ್ಧ ಹತ್ತಿದವರು ಹಾಗೆಯೇ ಗಾಳಿಯಲ್ಲಿ ನಿಂತರು.

"ಅಲ್ಲಪ್ಪಾ, ಎಡಗಡೆಯಿಂದ ಹತ್ತಬೇಕು," ಎಂದಳು ಅಜ್ಜಿ. "ಎಡಗಾಲು ರಿಕಾಪಿಗೆ, ಎಡಗೈ ಮುಂದಕ್ಕೆ. ಮೂಟೆ ಇಳಿಸಿದ ಹಾಗೆ ದೊಪ್ ಅಂತ ಕೂರ್ಬೇಡ. ಮೆತ್ತಗೆ. ಕುದುರೆಗೆ ಗೊತ್ತಾಗ್ಬಾರ್ದು ಮೇಲೆ ಯಾರೋ ಬಂದ್ರು ಅಂತ."

"ಅಮ್ಮಾ, ನಿಂಗೆ ಹೇಗೆ ಗೊತ್ತು?"

"ಕ್ವಾರ್ಟರ್ಸ್ ಅಡುಗೆಮನೆ ಕಿಟಕಿ ಇದ್ದಿದ್ದೇ ಮೈದಾನದ ಎದುರಿಗೆ. ನಿಮ್ಮಪ್ಪ ಹುಡುಗರಿಗೆ ದಿನಾ ಬೆಳಗ್ಗೆ ಕಿರುಚೋದು, ನಾನು ದಿನಾ ಬೆಳಗ್ಗೆ ರೊಟ್ಟಿ ತಟ್ಟೋದು. ಕಿವಿ ಮುಚ್ಕೊಂಡಿರೋಕಾಗತ್ತಾ?"

ಮೂರು ದಿನವೂ ಅಜ್ಜಿ ಕಪ್ಪು ಪಟ್ಟಿಯ ಈಚೆ ನಿಂತೇ ಪಾಠ ಹೇಳಿದಳು. ಹಿಮ್ಮಡಿ ಕೆಳಗೆ, ಗಲ್ಲ ಮೇಲೆ, ಮೊಣಕೈ ಪಕ್ಕೆಗೆ. ತಾತನ ದನಿಯನ್ನೇ ತಂದುಕೊಂಡು "ಏಯ್, ಕಣ್ಣು ಎಲ್ಲಿ?" ಎಂದು ಗದರುವಳು, ನಾವು ನಕ್ಕು ನಕ್ಕು ಗೋಡೆ ಹಿಡಿಯುವೆವು. ಶನಿವಾರ ಸಾಯಂಕಾಲದ ಹೊತ್ತಿಗೆ ಶೇಖರ್ ಮಾವ ಸವಾರನಂತೆಯೇ ಕೂರುತ್ತಿದ್ದರು. ಒಂದೇ ಕೊರತೆ. ಅವರು ಮೈ ಸರಿಸಿದಾಗಲೆಲ್ಲ ಜೀನು ಕಿರ್ ಕಿರ್ ಎನ್ನುತ್ತಿತ್ತು. ಅಲ್ಲಾಡುವವನನ್ನು ಆ ಸದ್ದೇ ಹಿಡಿದುಕೊಡುತ್ತದೆ ಎಂದು ಅಜ್ಜಿಗೆ ಗೊತ್ತಿತ್ತು. ಮೇಣದ ಡಬ್ಬಿ ಟ್ರಂಕಿನಲ್ಲಿ, ಬೀಗದ ಕೈ ತಾತನ ಉಡಿದಾರದಲ್ಲಿ. ಅಜ್ಜಿ ಒಳಗೆ ಹೋಗಿ, ನಮ್ಮ ತಲೆಗೆ ಒತ್ತುವ ಹರಳೆಣ್ಣೆಯ ಬಾಟಲಿ ತಂದಳು. ಆಮೇಲೆ ಕಪ್ಪು ಪಟ್ಟಿ ದಾಟಿದಳು. ಅಂಗೈಗೆ ಎಣ್ಣೆ ಸುರಿದುಕೊಂಡು, ಬಾಣಂತಿಯ ಮಗುವಿಗೆ ಹಚ್ಚುವ ಹಾಗೆ, ಇಡೀ ಜೀನಿಗೆ ಎರಡೂ ಕೈಯಿಂದ ತಿಕ್ಕಿದಳು. ಅತ್ತೆ ಅಳುತ್ತಿದ್ದಳು ಎಂದು ನನ್ನ ನೆನಪು. ತಾನು ನಗುತ್ತಿದ್ದೆ ಎಂದು ಅತ್ತೆ ಹೇಳುತ್ತಾಳೆ.

ಹರಳೆಣ್ಣೆ ಚರ್ಮಕ್ಕೆ ಅಷ್ಟು ಬೇಗ ಇಳಿಯುವುದಿಲ್ಲ ಎಂಬುದು ಮಾತ್ರ ಕ್ವಾರ್ಟರ್ಸಿನ ಕಿಟಕಿಯಿಂದ ಕಂಡಿರಲಿಲ್ಲ.

ಭಾನುವಾರ ಶೇಖರ್ ಮಾವ ಅಣ್ಣ ಅತ್ತಿಗೆಯರ ಜೊತೆ ಬಂದರು. ಹೊಸದಾಗಿ ಹೊಲಿಸಿದ ತಿಳಿ ಹಳದಿ ಪ್ಯಾಂಟು. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಒಪ್ಪಿಗೆಯಾಗುವ ತನಕ ಉಪ್ಪಿಟ್ಟು ಕಾಫಿ ದಾಟಿ ಮುಂದೆ ಹೋಗುವುದಿಲ್ಲ. ಊಟಕ್ಕೆ ಕೂತರೆಂದರೆ ಸಂಬಂಧ ನಿಂತಿತು ಎಂದು ಅರ್ಥ. ಅಜ್ಜಿ ಯಾರನ್ನೂ ಕೇಳದೆ ಬೆಳಗ್ಗೆಯೇ ಒಬ್ಬಟ್ಟಿನ ಹೂರಣ ರುಬ್ಬಿಬಿಟ್ಟಿದ್ದಳು. ಕಾಫಿ ಆಯಿತು. ತಾತ ಲೋಟ ಕೆಳಗಿಟ್ಟು, "ಸುಮ್ಮನೆ ಒಂದ್ಸಲ ಹತ್ತಿ ನೋಡಪ್ಪ" ಎಂದರು. ಶೇಖರ್ ಮಾವ ಎಡಗಡೆಗೆ ಹೋದರು. ತಾತ ಆ ಕಡೆ ಸ್ಟ್ಯಾಂಡು ಹಿಡಿದರು. ಎಡಗಾಲು ರಿಕಾಪಿಗೆ, ಎಡಗೈ ಮುಂದಕ್ಕೆ, ಮೆತ್ತಗೆ ಮೇಲಕ್ಕೆ. ತಾತನ ಹುಬ್ಬು ಏರಿತು. ಅವರು ಸುತ್ತ ಬಂದು ಹಿಮ್ಮಡಿ ನೋಡಿದರು, ಗಲ್ಲ ನೋಡಿದರು.

"ಕಣ್ಣು ಎಲ್ಲಿ?"

"ಎದುರಿಗೆ ಸಾರ್."

"ಎದುರಿಗೆ ಏನಿದೆ?"

"ಗಿರಿಜಾ... ಅಲ್ಲ, ಕ್ಯಾಲೆಂಡರ್ ಸಾರ್."

ಅವರ ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ತಾತನ ಮೀಸೆಯೂ ಸ್ವಲ್ಪ ಅಲ್ಲಾಡಿತು. "ಬೆನ್ನು ನೋಡ್ತೀನಿ, ಸೊಂಟ ತಿರುಗಿಸು" ಎಂದರು. ಶೇಖರ್ ಮಾವ ಸೊಂಟ ತಿರುಗಿಸಿದರು. ಸೊಂಟ ನಿಲ್ಲಲೇ ಇಲ್ಲ. ಕೂತ ಭಂಗಿಯಲ್ಲೇ, ಗಲ್ಲ ಮೇಲೆ, ಮೊಣಕೈ ಪಕ್ಕೆಗೆ, ನೇರವಾಗಿ ಬಲಗಡೆಗೆ ಜಾರಿ ಕೆಂಪು ನೆಲದ ಮೇಲೆ ಸದ್ದಾಗುವ ಹಾಗೆ ಕೂತುಕೊಂಡರು. ಅಣ್ಣ ಓಡಿ ಬಂದು ಎತ್ತಿದರು. ತಿಳಿ ಹಳದಿ ಪ್ಯಾಂಟಿನ ಹಿಂದೆ ಬಾಳೆ ಎಲೆಯಷ್ಟು ದೊಡ್ಡ ಕಂದು ಕಲೆ. ತಾತ ಆ ಕಲೆಯನ್ನು ನೋಡಿದರು, ಜೀನಿನ ಮೇಲೆ ಬೆರಳಾಡಿಸಿದರು, ಬೆರಳನ್ನು ಮೂಗಿಗೆ ಹಿಡಿದರು.

"ಹರಳೆಣ್ಣೆ. ಯಾರು ಹಚ್ಚಿದ್ದು?"

ಅಪ್ಪ ಅಮ್ಮನ ಮುಖ ನೋಡಿದ, ಅಮ್ಮ ನನ್ನ ಮುಖ ನೋಡಿದಳು. ಜೀನಿಗೆ ಕೈ ಹಾಕಿದ್ದಲ್ಲದೆ ಪರೀಕ್ಷೆಗೇ ಮೋಸ ಮಾಡಿದ್ದೆವು. ತಾತ ಈಗ ಬೇಡ ಎಂದರೆ ಮುಗಿಯಿತು, ಅವರ ಮಾತನ್ನು ಆ ಮನೆಯಲ್ಲಿ ಯಾರೂ ದಾಟಿದವರಲ್ಲ. ಅತ್ತೆ ಎರಡು ಹೆಜ್ಜೆ ಮುಂದೆ ಬಂದು ಬಾಯಿ ತೆರೆದಳು. ಅವಳ ಮಾತು ಹೊರಡುವ ಮೊದಲೇ ಅಡುಗೆಮನೆಯಿಂದ ಅಜ್ಜಿ ಬಂದಳು.

"ನಾನೇ."

"ನೀನಾ?" ತಾತನಿಗೆ ನಂಬಿಕೆ ಬರಲಿಲ್ಲ. "ಕೈಯಲ್ಲಾ?"

"ಮತ್ತೆ ಕಾಲಲ್ಲಿ ಹಚ್ಚೋಕಾಗತ್ತೇನ್ರೀ?"

"ಹತ್ತೋದು ಕಲಿಸಿದ್ದು?"

"ಅದೂ ನಾನೇ. ಹುಡುಗ ಚೆನ್ನಾಗೇ ಕಲ್ತಿದ್ದ. ಎಣ್ಣೆ ಜಾಸ್ತಿಯಾಗಿದ್ದು ನನ್ನ ತಪ್ಪು. ಅವನ ತಲೆ ಮೇಲೆ ಹಾಕ್ಬೇಡಿ."

ತಾತ ಅಜ್ಜಿಯನ್ನು ನೋಡಿದರು. ಅಷ್ಟು ಹೊತ್ತು ಅವರು ಅವಳನ್ನು ನೋಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಅವರು ಏನಾದರೂ ಹೇಳಿದರೇ? "ಇನ್ನೊಂದು ಕುದುರೆಯ ಜೀನು ಯಾರಿಗೂ ಹಾಕಬಾರದು" ಎಂದು ಗೊಣಗಿದರೆಂದು ನಾನು ಬಹಳ ವರ್ಷ ಜನರಿಗೆ ಹೇಳಿಕೊಂಡು ಬಂದಿದ್ದೇನೆ. ಅತ್ತೆಯ ಪ್ರಕಾರ ಅವರು ತುಟಿಪಿಟಕ್ಕೆನ್ನಲಿಲ್ಲ. ಆ ವಾಕ್ಯ ನಾನು ಓದು ಕಲಿತ ಮೇಲೆ ಅವರ ಬಾಯಿಗೆ ತುರುಕಿದ್ದೇ ಇರಬೇಕು, ತೀರಾ ಅಚ್ಚುಕಟ್ಟಾಗಿದೆ. ತಾತ ಹೆಗಲ ಮೇಲಿನ ಟವೆಲ್ ತೆಗೆದು ಶೇಖರ್ ಮಾವನ ಕೈಗೆ ಕೊಟ್ಟದ್ದು ಮಾತ್ರ ಇಬ್ಬರಿಗೂ ನೆನಪಿದೆ. ಅವರು ಅದನ್ನು ಸೊಂಟಕ್ಕೆ ಸುತ್ತಿಕೊಂಡರು.

ಅಮ್ಮ ಆಸೆಯಿಂದ ಊಟದ ಕೋಣೆಯಲ್ಲಿ ಮಣೆ ಹಾಕಿ, ಎಲೆ ಹಾಸಿದಳು. ಶೇಖರ್ ಮಾವ ಬಗ್ಗಿ ಕೂರಲು ನೋಡಿದರು, ಅರ್ಧದಲ್ಲೇ "ಅಮ್ಮಾ" ಎಂದು ನೆಟ್ಟಗಾದರು. ಇನ್ನೊಮ್ಮೆ ನೋಡಿದರು, ಆಗಲಿಲ್ಲ. ಅವರ ಅಣ್ಣ ಮುಜುಗರದಿಂದ, "ಪರವಾಗಿಲ್ಲ ಬಿಡಿ, ಇನ್ನೊಂದು ದಿನ ಬರ್ತೀವಿ" ಎಂದು ಚಪ್ಪಲಿಯ ಕಡೆ ತಿರುಗಿದರು. ನಿಂತು ಉಣ್ಣುವುದು ನಮ್ಮ ಮನೆಯಲ್ಲಿ ನಡೆಯುವ ಮಾತಲ್ಲ. ಅನ್ನಕ್ಕೆ ಅವಮಾನ ಎಂದು ತಾತ, ಮದುವೆಮನೆಗಳಲ್ಲಿ ಆಗತಾನೆ ಶುರುವಾಗಿದ್ದ ಬಫೆ ಊಟಗಳಿಂದ ಹಸಿದುಕೊಂಡೇ ಬರುತ್ತಿದ್ದವರು. ಊಟವಿಲ್ಲದೆ ಹೋದರೆ ಇನ್ನೊಂದು ದಿನ ಎಂಬುದು ಬರುವುದಿಲ್ಲ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅತ್ತೆ ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

ತಾತ ತಮ್ಮ ಮಣೆಯ ಮೇಲೆ ಆಗಲೇ ಕೂತಿದ್ದರು. ನೆಲಕ್ಕೆ ಕೈಯೂರಿ ಎದ್ದರು. ಕಪಾಟಿನಿಂದ ಎರಡು ಸ್ಟೀಲ್ ತಟ್ಟೆ ತೆಗೆದು, ಒಂದನ್ನು ಶೇಖರ್ ಮಾವನ ಕೈಗಿಟ್ಟು, ಇನ್ನೊಂದನ್ನು ತಾವು ಹಿಡಿದುಕೊಂಡು ಅವರ ಪಕ್ಕದಲ್ಲೇ ನಿಂತರು.

"ಕುದುರೆಗಳೆಲ್ಲ ನಿಂತ್ಕೊಂಡೇ ತಿನ್ನೋದು. ಏನಾಯ್ತೀಗ? ಗಿರಿಜಾ, ಬಡಿಸಮ್ಮ."

ಮೊದಲು ಅಪ್ಪ ಎದ್ದ. ಆಮೇಲೆ ಶೇಖರ್ ಮಾವನ ಅಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದರು. ಅವರ ಹೆಂಡತಿ, ಅಮ್ಮ, ನಾನು, ಒಬ್ಬೊಬ್ಬರೂ ತಟ್ಟೆ ಹಿಡಿದು ಖಾಲಿ ಮಣೆಗಳ ನಡುವೆ ನಿಂತೆವು. ಕೋಣೆ ಸಣ್ಣದು, ಮೊಣಕೈಗೆ ಮೊಣಕೈ ತಾಗುತ್ತಿತ್ತು. ಶೇಖರ್ ಮಾವ ಆ ದಿನ ಆರು ಒಬ್ಬಟ್ಟು ತಿಂದರೆಂದು ನಾನು, ನಾಲ್ಕೇ ಎಂದು ಅತ್ತೆ. ಮಾವನನ್ನೇ ಕೇಳಿದರೆ, ನೋವಿನಲ್ಲಿ ಲೆಕ್ಕ ಇಡಲಿಲ್ಲ ಎನ್ನುತ್ತಾರೆ. ಒಂದರ ವಿಷಯದಲ್ಲಿ ಮಾತ್ರ ಮೂವರಿಗೂ ಒಂದೇ ನೆನಪು. ಮೊದಲನೆಯ ಒಬ್ಬಟ್ಟನ್ನು ಅತ್ತೆ ತಾತನ ತಟ್ಟೆಗೆ ಹಾಕಿ, ತುಪ್ಪ ಬಿಟ್ಟಳು. ತಾತ ಅದನ್ನು ಎರಡು ಮಾಡಿ, ದೊಡ್ಡ ಚೂರನ್ನು ಪಕ್ಕದ ತಟ್ಟೆಗೆ ಹಾಕಿದರು.